ಸೇಫ್ಟಿಗಳನ್ನು ಕಂಡರಾಗದ ದೇವರು

ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭಿಮಾನಿಗಳು ಒಂದು ಕಾಲದಲ್ಲಿ ತಮಗಾಗಿಯೇ ಒಬ್ಬ ದೇವರನ್ನು ಹುಟ್ಟುಹಾಕಿಕೊಂಡಿದ್ದರು. ಅವನಿಗೆ ಗುಡಿಯಿಲ್ಲ, ಜಾತ್ರೆಯಿಲ್ಲ. ಇದ್ದದ್ದು ಸಿಟ್ಟೊಂದೇ. ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಂತು ತಡೆಯುವ ಸೇಫ್ಟಿ ಜಾಗದ ಹುಡುಗರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಬ್ಬನಾದ ಮೇಲೊಬ್ಬ ಸೇಫ್ಟಿ ಗಾಯಗೊಂಡು ಹೊರಗೆ ಕೂರತೊಡಗಿದಾಗ ತಮಾಷೆಗೆ ಶುರುವಾದ ಮಾತಿದು. ಆಮೇಲೆ ಅಂಚು ಕಾಯುವ ಕಾರ್ನರ್‌ಬ್ಯಾಕ್‌ಗಳೂ ಬೀಳತೊಡಗಿದರು, ದೇವರ ಅಧಿಕಾರವ್ಯಾಪ್ತಿ ಇಡೀ ಹಿಂದಿನ ಸಾಲಿಗೆ ವಿಸ್ತರಿಸಿತು. ನಮ್ಮ ಕಡೆ ಆಗಿದ್ದರೆ ಶನಿ ಹೆಗಲೇರಿದ್ದಾನೆ ಎಂದು ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಿದ್ದೆವು. ಅವರಿಗೆ ಆ ಅನುಕೂಲ ಇರಲಿಲ್ಲ, ಹಾಗಾಗಿ ಹೊಸದಾಗಿ ಒಂದು ಗ್ರಹವನ್ನೇ ಮಾಡಿಕೊಂಡರು.

ಈ ದೇವರು ಪೂರ್ಣಾವತಾರ ತಾಳಿದ್ದು 2010ರಲ್ಲಿ. ಆ ವರ್ಷ ಮಿಶಿಗನ್ 13 ಪಂದ್ಯಗಳಲ್ಲಿ 458 ಪಾಯಿಂಟ್ ಬಿಟ್ಟುಕೊಟ್ಟಿತು, ಪಂದ್ಯಕ್ಕೆ ಸರಾಸರಿ 35.2. ಆ ವಿಶ್ವವಿದ್ಯಾಲಯ 1879ರಿಂದ ಫುಟ್‌ಬಾಲ್ ಆಡುತ್ತಿದೆ. ಅಷ್ಟು ಸೋರಿದ ಡಿಫೆನ್ಸ್ ಅಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಗಾಯಗಳೇ ಇದಕ್ಕೆಲ್ಲ ಕಾರಣ ಎಂದು ಅರ್ಧ ಊರು, ಕೋಚ್ ಕಾರಣ ಎಂದು ಉಳಿದರ್ಧ ಊರು. ಎರಡೂ ಅರ್ಧ ಸತ್ಯಗಳೇ.

ಫುಟ್‌ಬಾಲ್ ಅಂದರೆ ಇಲ್ಲಿ ಅಮೆರಿಕದ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಆಡುವಂಥದ್ದು. ಒಂದು ಕಡೆಯವರು ನಾಲ್ಕು ಯತ್ನಗಳಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ತಡೆಯುವ ಹನ್ನೊಂದು ಜನ ಮೂರು ಸಾಲಾಗಿ ನಿಲ್ಲುತ್ತಾರೆ. ಮುಂದೆ ನೆಲಕ್ಕೆ ಕೈಯೂರಿ ಕೂತ ದಢೂತಿ ಲೈನ್‌ಮನ್‌ಗಳು, ನಡುವೆ ಲೈನ್‌ಬ್ಯಾಕರ್‌ಗಳು, ಹಿಂದೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು. ಈ ಹಿಂದಿನ ಸಾಲಿಗೆ ಸೆಕೆಂಡರಿ ಎಂದು ಹೆಸರು. ಕಾರ್ನರ್ ಅಂಚಿನಲ್ಲಿ ನಿಂತು ಎಸೆದ ಚೆಂಡು ಹಿಡಿಯಲು ಓಡುವ ಎದುರಾಳಿಯ ವೇಗದ ರಿಸೀವರ್‌ನ ಬೆನ್ನು ಬೀಳುತ್ತಾನೆ. ಸೇಫ್ಟಿ ಎಲ್ಲರಿಗಿಂತ ಹಿಂದೆ, ಹತ್ತು ಹನ್ನೆರಡು ಯಾರ್ಡ್ ಆಳದಲ್ಲಿ ನಿಂತಿರುತ್ತಾನೆ. ಅವನ ಹಿಂದೆ ಇರುವುದು ಹುಲ್ಲು ಮಾತ್ರ. ಮುಂದಿನ ಸಾಲಿನವನು ತಪ್ಪಿದರೆ ನಾಲ್ಕೈದು ಯಾರ್ಡ್ ಹೋಗುತ್ತದೆ, ಲೈನ್‌ಬ್ಯಾಕರ್ ತಪ್ಪಿದರೆ ಹದಿನೈದು. ಸೇಫ್ಟಿ ತಪ್ಪಿದರೆ ಬ್ಯಾಂಡಿನವರು ವಾದ್ಯ ಎತ್ತಿಕೊಳ್ಳುತ್ತಾರೆ, ಎದುರಾಳಿಯ ಬ್ಯಾಂಡಿನವರು.

ಆ ವರ್ಷ ಶುರುವಾದದ್ದು ಹೀಗೆ. ಆಗಸ್ಟ್ ಶಿಬಿರದಲ್ಲಿ ಟ್ರಾಯ್ ವುಲ್ಫೋಕ್ ಎಂಬ ಸೀನಿಯರ್ ಕಾರ್ನರ್‌ನ ಕಾಲಿನ ಹರಡಿನ ಕೀಲು ತಪ್ಪಿತು. ಅಭ್ಯಾಸದಲ್ಲಿ, ಒಂದೂ ಪಂದ್ಯ ಆಡುವ ಮುಂಚೆ. ಇಡೀ ಸೀಸನ್ ಮುಗಿಯಿತು. ಸೆಕೆಂಡರಿಯಲ್ಲಿ ಅನುಭವ ಅಂತ ಇದ್ದದ್ದೇ ಅವನೊಬ್ಬನಿಗೆ ಎಂಬಷ್ಟು ಪರಿಸ್ಥಿತಿ ಕೆಟ್ಟಿತ್ತು. ಬರಗಾಲದಲ್ಲಿ ಅಧಿಕ ಮಾಸ ಅನ್ನುತ್ತಾರಲ್ಲ, ಹಾಗೆ. ಬರ ಯಾವಾಗಿನಿಂದ ಇತ್ತು ಅನ್ನುವುದೇ ನಿಜವಾದ ಪ್ರಶ್ನೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಒಂದು ಗಾಯ ಎಷ್ಟು ಜಾಗ ಕೆಡಿಸುತ್ತದೆ ನೋಡಿ. ವುಲ್ಫೋಕ್ ಹೋದ ಕೂಡಲೇ ಎರಡನೇ ಕಾರ್ನರ್ ಆಗಬೇಕಿದ್ದ ಜೆ.ಟಿ. ಫ್ಲಾಯ್ಡ್ ಮೊದಲನೆಯವನಾದ. ಅಂದರೆ ಎದುರಾಳಿಯ ಎರಡನೇ ದರ್ಜೆಯ ರಿಸೀವರ್‌ನನ್ನು ನೋಡಿಕೊಳ್ಳಬೇಕಾದವನ ಹೆಗಲಿಗೆ ಅವರ ಅತಿ ಒಳ್ಳೆಯವನು ಬಿದ್ದ. ಎರಡನೇ ಜಾಗಕ್ಕೆ ಬಂದದ್ದು ಜೇಮ್ಸ್ ರಾಜರ್ಸ್, ನಾಲ್ಕು ವರ್ಷ ಒಮ್ಮೆ ರಿಸೀವರ್ ಒಮ್ಮೆ ಕಾರ್ನರ್ ಎಂದು ಆಚೀಚೆ ಓಡಾಡಿದ್ದ ಹುಡುಗ. ಮೂರನೇ ಕಾರ್ನರ್, ಅಂದರೆ ಎದುರಾಳಿ ಮೂರು ರಿಸೀವರ್ ಇಳಿಸಿದಾಗ ಬೇಕಾದವನು, ಕೋರ್ಟ್ನಿ ಏವರಿ. ಹಿಂದಿನ ವರ್ಷ ಅವನು ಒಹಾಯೊದ ಹೈಸ್ಕೂಲೊಂದರಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯುವವನು, ಆಗಿದ್ದ! ಫ್ರೀ ಸೇಫ್ಟಿ ಜಾಗದಲ್ಲಿ ಕ್ಯಾಮ್ ಗಾರ್ಡನ್, ಅವನನ್ನು ಕರೆತಂದದ್ದು ರಿಸೀವರ್ ಆಗಲೆಂದು. ಪಕ್ಕದಲ್ಲಿ ಜೋರ್ಡನ್ ಕೋವಾಕ್ಸ್, ಸ್ಕಾಲರ್‌ಶಿಪ್ ಇಲ್ಲದೆ ತಾನಾಗಿ ಬಂದು ತಂಡ ಸೇರಿದ್ದವನು. ಅಂಥವರನ್ನು ವಾಕ್-ಆನ್ ಅನ್ನುತ್ತಾರೆ. ಈ ಸಾಲಿನಲ್ಲಿ ವೇಗದಲ್ಲಿ ತೀರಾ ಹಿಂದಿದ್ದವನು ಕೋವಾಕ್ಸ್, ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದವನೂ ಅವನೇ.

ಗಾಯಗೊಂಡವನು ಒಬ್ಬ, ಜಾಗ ಬದಲಾದದ್ದು ಮೂರು. ಸರಪಳಿಯ ಕೊನೆಯಲ್ಲಿ ನಿಂತ ಹದಿನೆಂಟರ ಹುಡುಗನ ಮೇಲೆ ಎದುರಾಳಿಯ ಕಣ್ಣು. ಚೆಂಡು ಕೈಯಲ್ಲಿರುವ ಕಡೆಯ, ಅಂದರೆ ಅಫೆನ್ಸ್‌ನ, ಒಳ್ಳೆಯ ಕೋಚ್ ಮಾಡುವ ಮೊದಲ ಕೆಲಸವೇ ಇದು. ಬದಲಿ ಆಟಗಾರ ಒಳಗೆ ಬಂದ ಮೊದಲ ಅಥವಾ ಎರಡನೇ ಸ್ನ್ಯಾಪ್‌ನಲ್ಲೇ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವುದೇ ಸ್ನ್ಯಾಪ್) ಚೆಂಡು ಅವನ ಕಡೆಗೆ. ಗಾಯ ಆದ ಕೂಡಲೇ ಅಭಿಮಾನಿಗಳು ನೆಲಕ್ಕೆ ಬಿದ್ದವನನ್ನು ನೋಡುತ್ತಾರೆ. ಆಟ ತಿಳಿದವರು ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿರುವವನ ಅಂಗಿಯ ನಂಬರ್ ನೋಡುತ್ತಾರೆ.

ಕ್ರಿಕೆಟ್ ನೋಡುವವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಬುಮ್ರಾ ಇಲ್ಲ, ಶಮಿ ಇಲ್ಲ, ಅಶ್ವಿನ್ ಇಲ್ಲ, ಜಡೇಜ ಇಲ್ಲ. ಸಿರಾಜ್, ಠಾಕೂರ್, ನಟರಾಜನ್, ಸುಂದರ್ ಹಿಡಿದುಕೊಂಡು ಭಾರತ ಗೆದ್ದುಬಿಟ್ಟಿತು. ಹಾಗಾದರೆ ಬದಲಿ ಹುಡುಗರಿಂದ ಫುಟ್‌ಬಾಲ್‌ನಲ್ಲಿ ಯಾಕಾಗದು? ಬೌಲರ್‌ನ ಆರು ಎಸೆತ ಅವನದೇ. ಅವನು ಕೆಟ್ಟದಾಗಿ ಹಾಕಿದರೂ ಮುಂದಿನ ಓವರ್‌ನ ಬೌಲರ್‌ಗೆ ಅದರಿಂದ ಲೆಂಗ್ತ್ ತಪ್ಪುವುದಿಲ್ಲ. ಡಿಫೆನ್ಸ್ ಹಾಗಲ್ಲ, ಅದು ಕೆರೆಯ ಏರಿ ಇದ್ದಂತೆ. ಹತ್ತು ಕಡೆ ಗಟ್ಟಿಯಾಗಿದ್ದು ಒಂದು ಕಡೆ ಇಲಿ ಬಿಲ ತೋಡಿದ್ದರೆ ನೀರು ಹತ್ತು ಕಡೆಯ ಗಟ್ಟಿತನವನ್ನು ಕೇಳಿಕೊಂಡು ಹೋಗುವುದಿಲ್ಲ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಎರಡನೇ ಯತ್ನ, ಇನ್ನು ಐದು ಯಾರ್ಡ್ ಬೇಕು. ಫ್ರೀ ಸೇಫ್ಟಿ ಹನ್ನೆರಡು ಯಾರ್ಡ್ ಆಳದಲ್ಲಿದ್ದಾನೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಯ ಹತ್ತಿರ ಹಿಡಿದು ಕೊಟ್ಟಂತೆ ನಟಿಸಿ ವಾಪಸ್ ಎಳೆದುಕೊಳ್ಳುತ್ತಾನೆ, ಪ್ಲೇ ಆ್ಯಕ್ಷನ್. ಹೊಸ ಸೇಫ್ಟಿ ಓಟ ಎಂದು ನಂಬಿ ಮುಂದಕ್ಕೆ ಎರಡು ಹೆಜ್ಜೆ ಇಡುತ್ತಾನೆ. ಎರಡೇ ಹೆಜ್ಜೆ, ಅರ್ಧ ಸೆಕೆಂಡು. ಅಷ್ಟರಲ್ಲಿ ಪೂರ್ತಿ ವೇಗದಲ್ಲಿರುವ ರಿಸೀವರ್ ಅವನ ಭುಜದ ಪಕ್ಕ ಬಂದಿರುತ್ತಾನೆ. ಸೇಫ್ಟಿ ನಿಂತು, ಸೊಂಟ ತಿರುಗಿಸಿ, ಮತ್ತೆ ಓಡಲು ಶುರು ಮಾಡುವಷ್ಟರಲ್ಲಿ ಐದು ಯಾರ್ಡ್ ಅಂತರ. ಪಕ್ಕದ ಕಾರ್ನರ್ ಒಳಗಡೆ ಸಹಾಯವಿದೆ ಎಂದು ನಂಬಿ ಹೊರಗಡೆಯನ್ನು ಮಾತ್ರ ಕಾಯುತ್ತಿದ್ದ. ಹಾಗಾಗಿ ಟಿವಿಯಲ್ಲಿ ಕಾಣುವುದು ಕಾರ್ನರ್‌ನ ಬೆನ್ನು, ಬೈಗುಳವೆಲ್ಲ ಅವನಿಗೆ. ತಪ್ಪು ಮಾಡಿದವನು ಪರದೆಯಲ್ಲೇ ಇರುವುದಿಲ್ಲ. ಪ್ರಸಾರದ ಕ್ಯಾಮೆರಾ ಸ್ನ್ಯಾಪ್ ವೇಳೆ ಸೇಫ್ಟಿಗಳನ್ನು ಬಹುಪಾಲು ಚೌಕಟ್ಟಿನ ಹೊರಗಿಡುತ್ತದೆ. ಮರುಪ್ರಸಾರ ಬರುವವರೆಗೆ ಯಾರನ್ನೂ ಬೈಯದಿರುವುದು ಉತ್ತಮ, ಆದರೆ ಶನಿವಾರ ಮಧ್ಯಾಹ್ನ ಆ ತಾಳ್ಮೆ ಯಾರಿಗಿರುತ್ತದೆ.

ಅನುಭವಿ ಸೇಫ್ಟಿ ಓಟಗಾರನನ್ನು ನೋಡುವುದೇ ಇಲ್ಲ. ಅವನ ಕಣ್ಣು ಎದುರಾಳಿಯ ಮುಂದಿನ ಸಾಲಿನ ಗಾರ್ಡ್ ಅಥವಾ ಟ್ಯಾಕಲ್ ಮೇಲೆ. ಪಾಸ್ ಆದರೆ ಅವರು ಬಹುಮಟ್ಟಿಗೆ ಎದ್ದು ಹಿಂದೆ ಸರಿಯುತ್ತಾರೆ, ಓಟವಾದರೆ ತಗ್ಗಿ ಮುಂದೆ ನುಗ್ಗುತ್ತಾರೆ. ಇದನ್ನು ಬಾಯಲ್ಲಿ ಹೇಳಿಕೊಡಲು ಹತ್ತು ನಿಮಿಷ ಸಾಕು. ಕಾಲಿಗೆ ಇಳಿಯಲು ಸಾವಿರಾರು ಸ್ನ್ಯಾಪ್ ಬೇಕು. ಸೆಪ್ಟೆಂಬರ್‌ನಲ್ಲಿ ಹೊಸದಾಗಿ ನಿಂತ ಹುಡುಗನ ಹತ್ತಿರ ಆ ಲೆಕ್ಕ ಇರುವುದಿಲ್ಲ.

ಕೋಚ್‌ಗೆ ಆಗ ಉಳಿಯುವುದು ಎರಡು ದಾರಿ, ಎರಡೂ ಕೆಟ್ಟವು. ಒಂದು, ಕಾರ್ನರ್‌ಗಳನ್ನು ಏಳೆಂಟು ಯಾರ್ಡ್ ಹಿಂದೆ ನಿಲ್ಲಿಸಿ, ಮೂರೇ ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ಬಿಟ್ಟು, ಎಂಟು ಜನರನ್ನು ಹಿಂದಕ್ಕೆ ಎಳೆದುಕೊಳ್ಳುವುದು. ದೊಡ್ಡ ಹೊಡೆತ ತಪ್ಪುತ್ತದೆ, ಆದರೆ ಐದೈದು ಯಾರ್ಡ್ ಸಿಕ್ಕುತ್ತಲೇ ಹೋಗುತ್ತದೆ. ಮೂರು ಜನರ ಒತ್ತಡ ಒತ್ತಡವೇ ಅಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಸೆಕೆಂಡು ಕೊಟ್ಟರೆ ಯಾವ ಕಾರ್ನರ್ ಕೂಡ ಯಾರನ್ನೂ ಹಿಡಿದಿಡಲಾರ. 2010ರ ಮಿಶಿಗನ್ ಅಭಿಮಾನಿಗಳಿಗೆ ಅತಿ ಹೆಚ್ಚು ರಕ್ತದೊತ್ತಡ ಏರಿಸಿದ್ದು ಇದೇ ಮೂರು ಜನರ ದಾಳಿ. ಅಕ್ಟೋಬರ್ ಮೊದಲ ವಾರ ಇಂಡಿಯಾನಾದ ಬೆನ್ ಚಾಪೆಲ್ 64 ಬಾರಿ ಎಸೆದು 45 ಬಾರಿ ತಲುಪಿಸಿದ, 480 ಯಾರ್ಡ್. ಪಂದ್ಯದ ಅರವತ್ತು ನಿಮಿಷದಲ್ಲಿ ಚೆಂಡು ನಲವತ್ತಕ್ಕೂ ಹೆಚ್ಚು ನಿಮಿಷ ಅವರ ಕೈಯಲ್ಲೇ. ಆದರೂ ಮಿಶಿಗನ್ 42-35ರಲ್ಲಿ ಗೆದ್ದಿತು. ಅದಕ್ಕೆ ಕಾರಣ ಡಿನಾರ್ಡ್ ರಾಬಿನ್ಸನ್. ಆ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿ 1,702 ಯಾರ್ಡ್ ಓಡಿದ, ಶೂ ಲೇಸ್ ಕಟ್ಟದೆ ಆಡುತ್ತಿದ್ದ ಹುಡುಗ. ಅಂಥ ವೇಗದ ಅಫೆನ್ಸ್ ಇದ್ದರೆ ಅದೊಂದು ಬೇರೆ ಫಜೀತಿ. ಒಂದೂವರೆ ನಿಮಿಷದಲ್ಲಿ ಸ್ಕೋರ್ ಮಾಡಿ ಬಂದುಬಿಡುತ್ತಾರೆ, ನೀರು ಕುಡಿಯಲು ಕೂತಿದ್ದ ಡಿಫೆನ್ಸ್ ಮತ್ತೆ ಎದ್ದು ಹೋಗಬೇಕು. ದಣಿದ ಕಾಲು ಎದುರಾಳಿಯನ್ನು ಹಿಡಿದು ಬೀಳಿಸುವುದನ್ನು ತಪ್ಪಿಸುತ್ತದೆ, ಗಾಯಕ್ಕೂ ಒಡ್ಡಿಕೊಳ್ಳುತ್ತದೆ.

ಎರಡನೇ ದಾರಿ ಬ್ಲಿಟ್ಜ್, ಅಂದರೆ ಐದಾರು ಜನರನ್ನು ಒಟ್ಟಿಗೆ ನುಗ್ಗಿಸುವುದು. ಹಿಂದೆ ಯಾರೂ ಇರುವುದಿಲ್ಲ. ಹತ್ತಿದರೆ ಬೆಟ್ಟ, ಬಿದ್ದರೆ ಪ್ರಪಾತ. ನವೆಂಬರ್ 6ರ ಇಲಿನಾಯ್ ಪಂದ್ಯ ಮುಗಿದದ್ದು ಹೀಗೆ. ಅದೇ ವಾರ ಅಭ್ಯಾಸದಲ್ಲಿ ಫ್ಲಾಯ್ಡ್ ಕೂಡ ಕಾಲಿಗೆ ಪೆಟ್ಟು ಮಾಡಿಕೊಂಡು ಸೀಸನ್ ಮುಗಿಸಿದ್ದ. ಆಗಸ್ಟ್‌ನಲ್ಲಿ ಮೊದಲನೇ ಮತ್ತು ಎರಡನೇ ಕಾರ್ನರ್ ಎಂದು ಬರೆದಿದ್ದ ಎರಡೂ ಹೆಸರು ಈಗ ಪಟ್ಟಿಯಲ್ಲಿಲ್ಲ. ಫ್ರೀ ಸೇಫ್ಟಿ ಜಾಗದಲ್ಲಿ ಗಾರ್ಡನ್ ಬದಲು ರೇ ವಿನೊಪಾಲ್ ಎಂಬ ಮೊದಲ ವರ್ಷದ ಹುಡುಗ. ನಿಗದಿತ ಸಮಯ ಮುಗಿದಾಗ 45-45. ಮೂರನೇ ಹೆಚ್ಚುವರಿ ಅವಧಿಯಲ್ಲಿ ಮಿಶಿಗನ್ 67, ಇಲಿನಾಯ್ 65, ಸಮ ಮಾಡಲು ಇಲಿನಾಯ್‌ಗೆ ಎರಡು ಪಾಯಿಂಟಿನ ಒಂದು ಯತ್ನ. ಮಿಶಿಗನ್ ಸಿಕ್ಕಸಿಕ್ಕವರನ್ನೆಲ್ಲ ನುಗ್ಗಿಸಿತು. ಲೈನ್‌ಬ್ಯಾಕರ್ ಜೋನಸ್ ಮೌಟನ್ ಕ್ವಾರ್ಟರ್‌ಬ್ಯಾಕ್‌ನನ್ನು ತಲುಪಿದ, ಚೆಂಡು ನೆಲಕ್ಕೆ ಬಿತ್ತು. ಒಟ್ಟು 132 ಪಾಯಿಂಟ್, ಮಿಶಿಗನ್ ಆಡುವ ಬಿಗ್ ಟೆನ್ ಲೀಗಿನಲ್ಲಿ ಅಲ್ಲಿಯವರೆಗಿನ ದಾಖಲೆ. 65 ಪಾಯಿಂಟ್ ಕೊಟ್ಟ ಡಿಫೆನ್ಸ್ ಗೆಲುವಿನ ಆಟ ಆಡಿತು ಎಂದು ಹೇಳಲು ನಾಲಿಗೆ ತಡವರಿಸುತ್ತದೆ, ಆದರೆ ನಡೆದದ್ದು ಅದೇ.

ಎರಡು ವಾರ ಬಿಟ್ಟು ವಿಸ್ಕಾನ್ಸಿನ್ ಬಂತು. ಅವರ ಭರವಸೆ ಎಸೆತಕ್ಕಿಂತ ಓಟದ ಮೇಲೆ. ಮುಂದಿನ ಸಾಲನ್ನು ತಳ್ಳಿಕೊಂಡು 357 ಯಾರ್ಡ್ ಓಡಿದರು. ಇಲ್ಲಿ ಮೈಕ್ ಮಾರ್ಟಿನ್ ಬಗ್ಗೆ ಹೇಳಬೇಕು. ಅವನದು ನೋಸ್ ಟ್ಯಾಕಲ್ ಜಾಗ, ಚೆಂಡಿನ ನೇರ ಎದುರು ಕೂರುವವನು. ಮಿಶಿಗನ್ ಆಡುತ್ತಿದ್ದದ್ದು 3-3-5 ಎಂಬ ವ್ಯೂಹ: ಮೂರು ಲೈನ್‌ಮನ್, ಮೂರು ಲೈನ್‌ಬ್ಯಾಕರ್, ಐದು ಸೆಕೆಂಡರಿ. ಮುಂದೆ ಮೂವರೇ ಇರುವಾಗ ನಡುವಿನವನು ಇಬ್ಬರು ಎದುರಾಳಿಗಳನ್ನು ತನ್ನ ಮೇಲೆ ಎಳೆದುಕೊಂಡರೆ ಮಾತ್ರ ಹಿಂದಿನ ಲೈನ್‌ಬ್ಯಾಕರ್‌ಗಳಿಗೆ ದಾರಿ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಮಾರ್ಟಿನ್ ಕಾಲು ಉಳುಕಿತು. ಆಡುತ್ತಲೇ ಇದ್ದ, ಆದರೆ ಒಂಟಿ ಕಾಲಿನಲ್ಲಿ. ಚೆಂಡು ಹಿಂದಕ್ಕೆ ಕೊಡುವ ಎದುರಾಳಿ ಸೆಂಟರ್ ಒಬ್ಬನೇ ಅವನನ್ನು ಸಂಭಾಳಿಸಿಬಿಟ್ಟರೆ ಪಕ್ಕದ ಗಾರ್ಡ್ ಖಾಲಿಯಾಗಿ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ಜನ ಲೈನ್‌ಬ್ಯಾಕರ್‌ನನ್ನು ಬೈಯುತ್ತಾರೆ. ಕಾರ್ನರ್ ಇಲ್ಲದ್ದು ಎಲ್ಲರಿಗೂ ಕಾಣುತ್ತದೆ. ನೋಸ್ ಟ್ಯಾಕಲ್ ಕುಂಟುತ್ತಿರುವುದು ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಆ ವರ್ಷ ಹೆಚ್ಚು ನಷ್ಟ ಮಾಡಿದ ಗಾಯಗಳಲ್ಲಿ ಮಾರ್ಟಿನ್ ಉಳುಕು ವುಲ್ಫೋಕ್ ಗಾಯಕ್ಕೆ ಏನೂ ಕಡಿಮೆಯಲ್ಲ.

ಗಾಯದ ಸುದ್ದಿಯನ್ನು ಓದುವುದೇ ಒಂದು ವಿದ್ಯೆ. ಕಾಲು ಉಳುಕಿದೆ ಎಂದರೆ ಯಾವ ಉಳುಕು ಎಂದು ಕೇಳಬೇಕು. ಪಾದ ಒಳಮಡಚಿ ಹೊರಗಡೆಯ ಅಸ್ಥಿಬಂಧ ಎಳೆದಿದ್ದರೆ ಟೇಪ್ ಸುತ್ತಿ ಒಂದೆರಡು ವಾರಕ್ಕೆ ಬರುತ್ತಾರೆ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಹರಡಿನ ಮೇಲ್ಭಾಗದಲ್ಲಿ ಹಿಡಿದಿಡುವ ಕಟ್ಟು ಹೋಗಿದ್ದರೆ, ಹೈ ಆ್ಯಂಕಲ್ ಸ್ಪ್ರೇನ್ ಅನ್ನುವುದು ಇದಕ್ಕೇ, ನಾಲ್ಕರಿಂದ ಆರು ವಾರ ಸಾಮಾನ್ಯ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನೇರ ಓಡಲು ಬರುತ್ತದೆ, ಆದರೆ ಕಾಲೂರಿ ದಿಕ್ಕು ಬದಲಿಸಲು ಬರುವುದಿಲ್ಲ. ಡಿಫೆನ್ಸಿನವನ ಕೆಲಸವೇ ದಿಕ್ಕು ಬದಲಿಸುವುದು. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಅಂತೂ ಕಾರ್ನರ್‌ಗಳ ಶತ್ರು. ಹಿಮ್ಮುಖವಾಗಿ ಓಡುತ್ತಿದ್ದವನು ತಟ್ಟನೆ ತಿರುಗಿ ಪೂರ್ಣ ವೇಗಕ್ಕೆ ಹೋಗುವಾಗಲೇ ಅದು ಕಿತ್ತುಕೊಳ್ಳುವುದು. ಎರಡು ವಾರಕ್ಕೆ ನೋವು ಹೋಗುತ್ತದೆ, ಬಲ ಬಂದಿರುವುದಿಲ್ಲ. ಅವಸರಕ್ಕೆ ಇಳಿಸಿದರೆ ಅದೇ ಜಾಗ ಮತ್ತೆ ಹರಿಯುತ್ತದೆ. ಮಂಡಿಯೊಳಗಿನ ಎಸಿಎಲ್ ಹರಿದರೆ ಮಾತೇ ಇಲ್ಲ, ಶಸ್ತ್ರಚಿಕಿತ್ಸೆ, ಒಂಬತ್ತರಿಂದ ಹನ್ನೆರಡು ತಿಂಗಳು. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದರೆ ವಾರ ಎಣಿಸುವುದೇ ತಪ್ಪು. ಮೊದಲು ಹಗುರ ವ್ಯಾಯಾಮ, ಆಮೇಲೆ ಓಟ, ಆಮೇಲೆ ಡಿಕ್ಕಿಯಿಲ್ಲದ ಅಭ್ಯಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಲಕ್ಷಣ ಮರುಕಳಿಸಿದರೆ ಹಿಂದಕ್ಕೆ.

2010ರಲ್ಲಿ ಇಷ್ಟು ತಿಳಿದುಕೊಳ್ಳುವುದೂ ಕಷ್ಟವಿತ್ತು. ವೃತ್ತಿಪರ ಲೀಗಿನಲ್ಲಿ ಗಾಯಗಳ ಪಟ್ಟಿ ಪ್ರಕಟಿಸುವುದು ಕಡ್ಡಾಯ, ಕಾಲೇಜಿನಲ್ಲಿ ಅಂಥ ನಿಯಮ ಇರಲಿಲ್ಲ. ಕೋಚ್‌ಗಳು ಬಾಯಿ ಬಿಡುತ್ತಿರಲಿಲ್ಲ. ಅಭಿಮಾನಿಗಳು ಪಂದ್ಯದ ಮುಂಚಿನ ವಾರ್ಮ್‌ಅಪ್ ಹೊತ್ತಿಗೆ ದುರ್ಬೀನು ಹಿಡಿದು ಕೂರುತ್ತಿದ್ದರು. ಯಾರು ಪೂರ್ತಿ ಪ್ಯಾಡ್ ಹಾಕಿದ್ದಾನೆ, ಯಾರು ಬರೀ ಜೆರ್ಸಿಯಲ್ಲಿದ್ದಾನೆ, ಯಾರ ಕಾಲಿಗೆ ಬೂಟ್, ಯಾರ ಮಂಡಿಗೆ ಪಟ್ಟಿ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳ ಮಟ್ಟದಲ್ಲಿ ದಾರಿ ತೆರೆದ ಮೇಲೆ ಈ ಗುಟ್ಟಿಗೆ ಬೆಲೆ ಬಂತು, ಒಳಗಿನ ಸುದ್ದಿ ಮಾರಾಟದ ಸರಕಾಗುವ ಭಯ ಹುಟ್ಟಿತು. 2023ರಿಂದ ಬಿಗ್ ಟೆನ್ ತಂಡಗಳು ಪಂದ್ಯಕ್ಕೆ ಎರಡು ಗಂಟೆ ಮುಂಚೆ ಲಭ್ಯತೆಯ ವರದಿ ಕೊಡಬೇಕು. 2024ರಿಂದ ಎಸ್‌ಇಸಿ ಎಂಬ ಇನ್ನೊಂದು ಕಾಲೇಜು ಲೀಗಿನಲ್ಲಿ ತಮ್ಮತಮ್ಮ ನಡುವಿನ ಪಂದ್ಯಗಳಿಗೆ ಮೂರು ದಿನ ಮುಂಚಿನಿಂದಲೇ. ವರದಿಯಲ್ಲಿ ಆಡುತ್ತಾನೋ ಇಲ್ಲವೋ ಎಂದಿರುತ್ತದೆ, ಏನಾಗಿದೆ ಎಂದಲ್ಲ. ಅದು ಸರಿಯೂ ಹೌದು. ಇವರು ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಳು, ಅವರ ಎಕ್ಸ್‌ರೇ ಊರ ಜನರ ಆಸ್ತಿಯಲ್ಲ.

ಈಗ ಬರಗಾಲದ ವಿಷಯ. 2010ರಲ್ಲಿ ಮಿಶಿಗನ್‌ಗೆ ಅನುಭವಿ ಕಾರ್ನರ್ ಬೇಕಿದ್ದರೆ ಅವನು 2007, 2008ರ ಹೊತ್ತಿಗೆ ಕಾಲೇಜು ಸೇರಿರಬೇಕಿತ್ತು. ಆಗ ಆದದ್ದೇನು? 2007ರ ಕೊನೆಯಲ್ಲಿ ಹಳೇ ಕೋಚ್ ಲಾಯ್ಡ್ ಕಾರ್ ನಿವೃತ್ತರಾದರು, ರಿಚ್ ರಾಡ್ರಿಗೆಜ್ ಬಂದರು. ಕೋಚ್ ಬದಲಾದ ವರ್ಷ ಹೊಸ ಹುಡುಗರನ್ನು ಒಲಿಸಿ ಕರೆತರುವ ಕೆಲಸ ಎಲ್ಲ ಕಡೆಯೂ ಎಡವುತ್ತದೆ. ಬಂದವರಲ್ಲೂ ಒಬ್ಬ ಕಾರ್ನರ್ ಕಾಲೇಜು ಮುಗಿಸದೆ ವೃತ್ತಿಪರ ಲೀಗಿನ ಆಸೆಗೆ ಹೋದ, ಒಬ್ಬನನ್ನು ತಂಡದಿಂದ ತೆಗೆದರು, ಒಬ್ಬ ಬೇರೆ ಕಾಲೇಜಿಗೆ ಹೊರಟ, ಸಹಿ ಹಾಕಿದ್ದ ಒಬ್ಬನಿಗೆ ವಿಶ್ವವಿದ್ಯಾಲಯ ಪ್ರವೇಶವನ್ನೇ ಕೊಡಲಿಲ್ಲ. ನಾಲ್ಕು ಹೆಸರು. ಇವುಗಳಲ್ಲಿ ಒಂದಕ್ಕೂ ಗಾಯ ಕಾರಣವಲ್ಲ. ಆ ನಾಲ್ವರಲ್ಲಿ ಇಬ್ಬರು ಉಳಿದಿದ್ದರೂ ವುಲ್ಫೋಕ್ ಬಿದ್ದ ದಿನ ಊರು ದೇವರ ಮೊರೆ ಹೋಗುತ್ತಿರಲಿಲ್ಲ.

ಆಗಿನ ನಿಯಮಗಳೂ ಕೈ ಕಟ್ಟಿಹಾಕಿದ್ದವು. ಸ್ಕಾಲರ್‌ಶಿಪ್ 85ಕ್ಕೆ ಮಿತಿ. ಬೇರೆ ಕಾಲೇಜಿನಿಂದ ಬಂದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕು. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದು, ಒಂದು ವರ್ಷ ಕೂರಿಸಿ ಬೆಳೆಸಬಹುದು. ಅದನ್ನು ರೆಡ್‌ಶರ್ಟ್ ಅನ್ನುತ್ತಾರೆ. ಆದರೆ ಒಂದೇ ಒಂದು ಸ್ನ್ಯಾಪ್ ಆಡಿದರೂ ಆ ವರ್ಷ ಖರ್ಚಾಯಿತು. ಅಭಿಮಾನಿಗಳು ಹೊಸ ಹುಡುಗ ಮೈದಾನಕ್ಕೆ ಇಳಿದಾಗ ನಿಟ್ಟುಸಿರು ಬಿಡುತ್ತಿದ್ದದ್ದು ಅದಕ್ಕೇ, ಇವತ್ತಿನ ತೂತು ಮುಚ್ಚಲು ನಾಲ್ಕು ವರ್ಷದಾಚೆಯ ಬಟ್ಟೆ ಹರಿದಂತೆ. ಈಗ ಇದೆಲ್ಲ ಬದಲಾಗಿದೆ. 2018ರಿಂದ ನಾಲ್ಕು ಪಂದ್ಯದವರೆಗೆ ಆಡಿಯೂ ರೆಡ್‌ಶರ್ಟ್ ಉಳಿಸಿಕೊಳ್ಳಬಹುದು, 2021ರಿಂದ ವರ್ಗಾವಣೆಯಾದವನು ಕೂರದೆ ಆಡಬಹುದು. 2010ರ ಸಮಸ್ಯೆಯನ್ನು ಇವತ್ತಿನ ಕೋಚ್ ಚಳಿಗಾಲದಲ್ಲಿ ಇಬ್ಬರು ಪಳಗಿದ ಕಾರ್ನರ್‌ಗಳನ್ನು ತಂದು ಅರ್ಧ ಬಗೆಹರಿಸುತ್ತಾನೆ. ಆಗಸ್ಟ್‌ನಲ್ಲಿ ಬಿದ್ದವನಿಗೆ ಮಾತ್ರ ಇವತ್ತಿಗೂ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ. ಇನ್ನು 2025ರಿಂದ ತಂಡದ ಗಾತ್ರವನ್ನೇ 105ಕ್ಕೆ ಇಳಿಸಿದ್ದಾರೆ. ಕೋವಾಕ್ಸ್‌ನಂಥ ವಾಕ್-ಆನ್ ಹುಡುಗರಿಗೆ ಮೊದಲಿನಷ್ಟು ಜಾಗವಿಲ್ಲ. ಇದು ನನಗೆ ಸರಿಕಾಣದ ಬದಲಾವಣೆ.

ಅಭಿಮಾನಿಗಳು ಆ ವರ್ಷವನ್ನು ಕಳೆದದ್ದು ಹೇಗೆ? ಸೆಪ್ಟೆಂಬರ್ 4ರಂದು ನವೀಕರಿಸಿದ ಮೈದಾನದ ಮೊದಲ ಪಂದ್ಯಕ್ಕೆ 1,13,090 ಜನ ಬಂದಿದ್ದರು. ಮೊದಲ ಐದೂ ಪಂದ್ಯ ಗೆದ್ದರು. ಮೂರನೇದರಲ್ಲಿ ಕೆಳದರ್ಜೆಯ ಮ್ಯಾಸಚೂಸೆಟ್ಸ್ ತಂಡಕ್ಕೆ 37 ಪಾಯಿಂಟ್ ಕೊಟ್ಟಾಗಲೇ ತಿಳಿದವರ ಮುಖ ಸಪ್ಪಗಾಗಿತ್ತು. ಆಮೇಲೆ ಮೂರು ಸಾಲು ಸೋಲು. ಮೂರನೆಯದರಲ್ಲಿ ಪೆನ್ ಸ್ಟೇಟ್‌ನ ಮ್ಯಾಟ್ ಮಗ್ಲಾಯ್ನ್ ಎಂಬ ವಾಕ್-ಆನ್ ಕ್ವಾರ್ಟರ್‌ಬ್ಯಾಕ್ ಆರಂಭದಿಂದ ಆಡಿದ ತನ್ನ ಮೊದಲ ಪಂದ್ಯದಲ್ಲೇ 41 ಪಾಯಿಂಟ್ ಬಾರಿಸುವ ತಂಡ ನಡೆಸಿದ. ಕೆಲವರು ಡಿಫೆನ್ಸ್ ಆಡುವಾಗ ತಿಂಡಿ ತರಲು ಎದ್ದು ಹೋಗಿ ಡಿನಾರ್ಡ್ ಆಡುವಾಗ ವಾಪಸ್ ಬರುವ ಅಭ್ಯಾಸ ಮಾಡಿಕೊಂಡರು. ಕೆಲವರು ಲೆಕ್ಕಕ್ಕೆ ಬಿದ್ದರು. ಇದರಲ್ಲಿ ಸ್ವಲ್ಪ ಸಮಾಧಾನವಿದೆ, ಸರಿಯಾದ ಲೆಕ್ಕ ಹಿಡಿದರೆ. ಪಂದ್ಯಕ್ಕೆ ಎಷ್ಟು ಯಾರ್ಡ್ ಕೊಟ್ಟರು ಎನ್ನುವುದು ದಾರಿ ತಪ್ಪಿಸುವ ಅಂಕಿ. ವೇಗದ ಅಫೆನ್ಸ್ ಇರುವ ತಂಡ ಹೆಚ್ಚು ಸ್ನ್ಯಾಪ್ ಎದುರಿಸುತ್ತದೆ. ಸ್ನ್ಯಾಪ್‌ಗೆ ಎಷ್ಟು, ಮೂರನೇ ಯತ್ನದಲ್ಲಿ ಎಷ್ಟು ಸಲ ತಡೆದರು, ಇಪ್ಪತ್ತು ಯಾರ್ಡಿಗಿಂತ ದೊಡ್ಡ ಹೊಡೆತ ಎಷ್ಟು ಎಂದು ನೋಡಬೇಕು. ಮೂರನೆಯದು ಸೇಫ್ಟಿಯ ಜಾತಕ.

ಇನ್ನೂ ಒಂದು ಲೆಕ್ಕ ಇದೆ, ನವೆಂಬರ್‌ನಲ್ಲಿ ಶುರುವಾಗುವಂಥದ್ದು. ಮುಂದಿನ ವರ್ಷ ಯಾರ್ಯಾರು ವಾಪಸ್ ಬರುತ್ತಾರೆ? ಡೆಟ್ರಾಯ್ಟ್ ಸುತ್ತಲಿನ ಕನ್ನಡಿಗರಲ್ಲೂ ಈ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ನಲ್ಲಿ ಓದಿ ಶನಿವಾರದ ಈ ಗೀಳು ಹತ್ತಿಸಿಕೊಂಡವರಿದ್ದಾರೆ. ಮಾವಿನ ಮರಕ್ಕೆ ಈ ವರ್ಷ ಫಲವಿಲ್ಲ ಎಂದಾಗ ಹೊಸ ಚಿಗುರು ಎಣಿಸುವುದು ನಮಗೇನು ಹೊಸದಲ್ಲ. ಏವರಿ ಬರುತ್ತಾನೆ, ಕೋವಾಕ್ಸ್ ಬರುತ್ತಾನೆ, ಮಾರ್ಟಿನ್ ಬರುತ್ತಾನೆ, ಗಾಯ ವಾಸಿಯಾಗಿ ಫ್ಲಾಯ್ಡ್ ಮತ್ತು ವುಲ್ಫೋಕ್ ಬರುತ್ತಾರೆ.

ಬಂದರು. 2011ರ ಜನವರಿ 1ರಂದು ಗೇಟರ್ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಮಿಸಿಸಿಪ್ಪಿ ಸ್ಟೇಟ್ 52 ಪಾಯಿಂಟ್ ಹೊಡೆದ ಮೇಲೆ ರಾಡ್ರಿಗೆಜ್ ಕೆಲಸ ಹೋಯಿತು. ಬ್ರೇಡಿ ಹೋಕ್ ಬಂದು, ಬಾಲ್ಟಿಮೋರ್ ರೇವನ್ಸ್ ಎಂಬ ವೃತ್ತಿಪರ ತಂಡದಿಂದ ಗ್ರೆಗ್ ಮ್ಯಾಟಿಸನ್ ಅವರನ್ನು ಡಿಫೆನ್ಸಿಗೆ ಕರೆತಂದರು. 3-3-5 ಮೂಲೆ ಸೇರಿತು, ಮುಂದೆ ನಾಲ್ವರು ಕೂತರು. ಬಹುಪಾಲು ಅದೇ ಹುಡುಗರು. 2011ರ 13 ಪಂದ್ಯಗಳಲ್ಲಿ ಕೊಟ್ಟದ್ದು 226 ಪಾಯಿಂಟ್, ಪಂದ್ಯಕ್ಕೆ 17.4. ಅರ್ಧಕ್ಕರ್ಧ ಇಳಿಕೆ! ಎದುರಾಳಿ ಕೈಬಿಟ್ಟ ಚೆಂಡುಗಳು ಆ ವರ್ಷ ಬಹಳಷ್ಟು ಮಿಶಿಗನ್ ಮಡಿಲಿಗೇ ಬಿದ್ದವು, ಆ ಅದೃಷ್ಟದ ಪಾಲನ್ನು ಕಳೆದೇ ನೋಡಬೇಕು. ಆದರೂ ಹಿಂದಿನ ವರ್ಷ ಎಲ್ಲವೂ ಗಾಯದಿಂದಲೇ ಆಯಿತು ಎಂದವರಿಗೂ, ಹುಡುಗರಲ್ಲೇ ದಮ್ಮಿಲ್ಲ ಎಂದವರಿಗೂ ಮಾತು ನಿಂತಿತು. ನವೆಂಬರ್ 26ರಂದು ಒಹಾಯೊ ಸ್ಟೇಟ್ ವಿರುದ್ಧ 40-34ರಲ್ಲಿ ಮುಂದಿದ್ದಾಗ ಕೊನೆಯ ನಿಮಿಷದಲ್ಲಿ ಎದುರಾಳಿಯ ಎಸೆತವನ್ನು ಕಸಿದು ಪಂದ್ಯ ಮುಗಿಸಿದವನು ಕೋರ್ಟ್ನಿ ಏವರಿ. ಸತತ ಏಳು ವರ್ಷ ತಮ್ಮನ್ನು ಸೋಲಿಸಿದ್ದ ತಂಡದ ಎದುರು ಗೆಲುವು.

ದೇವರು ಮುನಿಸು ಬಿಟ್ಟನೇ ಎಂದರೆ, ಇಲ್ಲ. 2012ರ ಮೊದಲ ಪಂದ್ಯ, ಸೆಪ್ಟೆಂಬರ್ 1, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಅಲಬಾಮಾ ವಿರುದ್ಧ. ಮುಖ್ಯ ಕಾರ್ನರ್ ಬ್ಲೇಕ್ ಕೌಂಟೆಸ್ ಎಸಿಎಲ್ ಹರಿದುಕೊಂಡ, ಸೀಸನ್ ಮುಗಿಯಿತು. ಆ ಪಂದ್ಯ 41-14ರ ಸೋಲು, ಮನೆಮನೆಯಲ್ಲೂ 2010ರ ನೆನಪು. ಅವನ ಜಾಗಕ್ಕೆ ಬಂದದ್ದು ಎರಡನೇ ವರ್ಷದ ರೇಮನ್ ಟೇಲರ್. ಆದರೆ ಈ ಸಲ ಅವನ ಪಕ್ಕದಲ್ಲಿ, ಹಿಂದೆ ನಿಂತವರು ಯಾರೆಂದು ನೋಡಿ. ಐದನೇ ವರ್ಷದ ಫ್ಲಾಯ್ಡ್, ನಾಲ್ಕನೇ ವರ್ಷದ ಆಟ ಆಡುತ್ತಿದ್ದ ಕೋವಾಕ್ಸ್, ಮೂರನೇ ಕಾರ್ನರ್ ಆಗಿ ಏವರಿ. ಅಕ್ಟೋಬರ್‌ನಲ್ಲಿ ಪರ್ಡ್ಯೂ ಮೈದಾನದಲ್ಲಿ ಟೇಲರ್ ಒಂದು ಪಾಸ್ ಕಸಿದು ಟಚ್‌ಡೌನ್‌ವರೆಗೂ ಓಡಿದ. ಆ ವರ್ಷದ 13 ಪಂದ್ಯಗಳ ಲೆಕ್ಕ 258 ಪಾಯಿಂಟ್, ಸರಾಸರಿ 19.8, ಅಲಬಾಮಾದ 41 ಸೇರಿಸಿಯೇ.